ಒಂದು ಹಿನ್ ಎಂದರೆ ಎಷ್ಟು ಲೀಟರು?

ಕ್ರಿಸ್ತಪೂರ್ವ ಆರನೆಯ ಶತಮಾನದ ಆರಂಭದ ಮಾತು. ಬ್ಯಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟ ಯೆಹೂದ್ಯರ ನಡುವೆ ಯೆಹೆಜ್ಕೇಲನೆಂಬ ಪ್ರವಾದಿಯಿದ್ದನು. ತಾವು ಬಿಟ್ಟುಬಂದ ಜೆರುಸಲೇಮಿಗೆ ಮುತ್ತಿಗೆ ಬೀಳಲಿದೆ, ಅಲ್ಲಿನ ಜನ ಅನ್ನನೀರಿಗಾಗಿ ಪರಿತಪಿಸಲಿದ್ದಾರೆ ಎಂಬುದನ್ನು ಬರಿಯ ಮಾತಿನಲ್ಲಿ ಹೇಳಿದರೆ ಸಾಲದೆಂದು, ಅವನು ಅದನ್ನು ತಾನೇ ಅನುಭವಿಸಿ ತೋರಿಸಬೇಕಾಯಿತು. ದಿನಕ್ಕೆ ಇಪ್ಪತ್ತು ಶೆಕೆಲ್ ತೂಕದ ಆಹಾರ. ಕುಡಿಯುವುದಕ್ಕೆ ಒಂದು ಹಿನ್ನಿನ ಆರನೆಯ ಒಂದು ಪಾಲು ನೀರು. ಇಷ್ಟರಲ್ಲಿಯೇ ಅವನು ದಿನಗಳನ್ನು ನೂಕಬೇಕೆಂದು ಬೈಬಲಿನಲ್ಲಿ ಹೇಳಿದೆ.

ಇದನ್ನು ಓದಿದವರು ಸಹಜವಾಗಿಯೇ ಕೇಳುವ ಪ್ರಶ್ನೆ, ಆ ನೀರು ಎಷ್ಟು ಎಂಬುದು. ಆಹಾರದ ವಿಷಯದಲ್ಲಿ ಉತ್ತರ ಸುಲಭ. ಶೆಕೆಲ್ ತೂಕದ ಕಲ್ಲುಗಳು ಯೆಹೂದ ದೇಶದ ಮಣ್ಣಿನಲ್ಲಿ ಬೇಕಾದಷ್ಟು ಸಿಕ್ಕಿವೆ. ಒಂದೊಂದೂ ಹನ್ನೊಂದು ಗ್ರಾಮಿಗೆ ತುಸು ಮೇಲೆ ತೂಗುತ್ತದೆ. ಇಪ್ಪತ್ತು ಶೆಕೆಲ್ ಎಂದರೆ ಕಾಲು ಕಿಲೋಗ್ರಾಮಿಗೂ ಕಡಿಮೆ. ನೀರಿನ ವಿಷಯ ಹಾಗಲ್ಲ. ಒಂದು ಲೆಕ್ಕದಂತೆ ಪ್ರವಾದಿಯ ಪಾಲಿಗೆ ಬಂದದ್ದು ದಿನಕ್ಕೆ ಸುಮಾರು 600 ಮಿಲಿಲೀಟರು. ಇನ್ನೊಂದು ಲೆಕ್ಕದಂತೆ 1,200 ಮಿಲಿಲೀಟರು. ಒಂದು, ನಾಲಗೆ ಒಣಗಿ ಅಂಗುಳಿಗೆ ಅಂಟುವ ಸ್ಥಿತಿ. ಇನ್ನೊಂದು, ಹೇಗೋ ಜೀವ ಹಿಡಿದಿರಬಹುದಾದ ಸ್ಥಿತಿ. ಎರಡು ಲೆಕ್ಕಗಳನ್ನು ಹಾಕಿದವರೂ ವಿದ್ವಾಂಸರೇ. ಕೂಡುವುದರಲ್ಲಿಯೋ ಗುಣಿಸುವುದರಲ್ಲಿಯೋ ಯಾರೂ ತಪ್ಪಿದವರಲ್ಲ. ಹಾಗಿದ್ದೂ ಒಂದು ಇನ್ನೊಂದರ ಎರಡರಷ್ಟಾದುದು ಹೇಗೆ?

ಇಬ್ರಿಯ ದ್ರವಮಾನದ ಕೋಷ್ಟಕದಲ್ಲಿ ಗೊಂದಲವೇನೂ ಇಲ್ಲ. ಪಾವು, ಸೇರು, ಕೊಳಗ, ಖಂಡುಗಗಳ ಬಾಯಿಪಾಠ ಕೇಳಿ ಬೆಳೆದವರಿಗೆ ಅದು ಅಪರಿಚಿತವಾಗಿಯೂ ತೋರದು. ಎಲ್ಲಕ್ಕಿಂತ ಚಿಕ್ಕದು ಲೋಗ್. ಕುಷ್ಠರೋಗ ವಾಸಿಯಾದವನ ಶುದ್ಧೀಕರಣಕ್ಕೆ ಒಂದು ಲೋಗ್ ಎಣ್ಣೆ ಬೇಕೆಂದು ಯಾಜಕಕಾಂಡದಲ್ಲಿದೆ. ಹನ್ನೆರಡು ಲೋಗಿಗೆ ಒಂದು ಹಿನ್. ಆರು ಹಿನ್ನಿಗೆ ಒಂದು ಬತ್. ಹತ್ತು ಬತ್ತಿಗೆ ಒಂದು ಕೋರ್. ಧಾನ್ಯ ಅಳೆಯುವ ಏಫಾ ಎಂಬ ಅಳತೆಯೂ ದ್ರವದ ಬತ್ತೂ ಒಂದೇ ಗಾತ್ರವಾಗಿರಬೇಕೆಂದು ಯೆಹೆಜ್ಕೇಲನ ಗ್ರಂಥವೇ ವಿಧಿಸಿದೆ. ಒಂದು ಮೆಟ್ಟಿಲು ತಿಳಿದರೆ ಇಡೀ ಏಣಿಯೇ ತಿಳಿದಂತೆ. ಆದರೆ ಏಣಿಯ ಬುಡ ಎಲ್ಲಿ ಊರಿದೆ? ಎಷ್ಟು ನೀರಿಗೆ ಒಂದು ಲೋಗ್?

ಯೆಹೂದ್ಯ ಧರ್ಮಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಮೊದಲ ಉತ್ತರ ಕೋಳಿಮೊಟ್ಟೆ. ಆರು ಮೊಟ್ಟೆಗಳ ಗಾತ್ರಕ್ಕೆ ಒಂದು ಲೋಗ್; ಲೋಗಿನ ಕಾಲುಭಾಗಕ್ಕೆ, ಎಂದರೆ ಒಂದೂವರೆ ಮೊಟ್ಟೆಯಷ್ಟಕ್ಕೆ, ರೆವಿಯೀತ್ ಎಂದು ಹೆಸರು. ಮೊಟ್ಟೆ ಎಲ್ಲ ಕಾಲದಲ್ಲಿಯೂ ಎಲ್ಲ ಊರಿನಲ್ಲಿಯೂ ಸಿಕ್ಕುವ ವಸ್ತು. ಆದುದರಿಂದ ಅಳತೆಯ ಪಾತ್ರೆ ಒಡೆದರೂ ಅಳತೆ ಅಳಿಯದು ಎಂಬುದು ಅವರ ವಿಚಾರ. ಆದರೆ ಯಾವ ಮೊಟ್ಟೆ? ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ, ನಡುಗಾತ್ರದ ಮೊಟ್ಟೆ. ಅದನ್ನು ಗೊತ್ತುಮಾಡುವುದು ಹೇಗೆಂಬುದು ಸುಮಾರು ಕ್ರಿ. ಶ. 200ರಲ್ಲಿ ಸಂಕಲಿತವಾದ ಮಿಷ್ನಾ ಗ್ರಂಥದಲ್ಲಿಯೇ ಚರ್ಚೆಗೆ ಬಂದಿದೆ. ರಬ್ಬಿ ಯೆಹೂದ ಎಂಬಾತನು ಎಲ್ಲಕ್ಕಿಂತ ದೊಡ್ಡ ಮೊಟ್ಟೆಯನ್ನೂ ಎಲ್ಲಕ್ಕಿಂತ ಚಿಕ್ಕ ಮೊಟ್ಟೆಯನ್ನೂ ತಂದು, ತುಂಬಿದ ನೀರಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅರ್ಧ ಮಾಡಬೇಕೆಂದನು. ರಬ್ಬಿ ಯೋಸೆ ಒಪ್ಪಲಿಲ್ಲ. ಲೋಕದ ಮೊಟ್ಟೆಗಳಲ್ಲೆಲ್ಲ ಇದೇ ದೊಡ್ಡದು, ಇದೇ ಚಿಕ್ಕದು ಎಂದು ತಿಳಿಸುವವರು ಯಾರು? ಎಲ್ಲವೂ ನೋಡುವವನ ಕಣ್ಣಿನ ಅಂದಾಜು ಎಂದನು. ಹದಿನೆಂಟು ಶತಮಾನಗಳು ಕಳೆದರೂ ರಬ್ಬಿ ಯೋಸೆಯ ಆ ಆಕ್ಷೇಪಣೆಗೆ ಪೂರ್ಣ ಸಮಾಧಾನ ದೊರೆತಿಲ್ಲ.

ಎರಡನೆಯ ಉತ್ತರ ಹೆಬ್ಬೆರಳು. ಹೆಬ್ಬೆರಳಿನ ಅಗಲವನ್ನು ಮಾನವಾಗಿಟ್ಟುಕೊಂಡು, ಎರಡು ಬೆರಳು ಉದ್ದ, ಎರಡು ಬೆರಳು ಅಗಲ, ಎರಡು ಮುಕ್ಕಾಲಿಗೆ ತುಸು ಕಡಿಮೆ, ಸರಿಯಾಗಿ 2.7 ಬೆರಳು ಎತ್ತರವಿರುವ ಪಾತ್ರೆ ಒಂದು ರೆವಿಯೀತ್ ಹಿಡಿಯುತ್ತದೆಂದು ಟಾಲ್ಮಡ್ ಗ್ರಂಥ ಲೆಕ್ಕ ಕೊಡುತ್ತದೆ. ಎಂದರೆ 10.8 ಘನ ಬೆರಳು. ಈ ವಿಚಿತ್ರ ಸಂಖ್ಯೆ ಎಲ್ಲಿಂದಲೋ ಉದುರಿದುದಲ್ಲ. ಶುದ್ಧಿಸ್ನಾನದ ಕುಂಡದಲ್ಲಿ 960 ಲೋಗ್ ನೀರಿರಬೇಕು; ಅದು ಒಂದು ಮೊಳ ಉದ್ದ, ಒಂದು ಮೊಳ ಅಗಲ, ಮೂರು ಮೊಳ ಆಳದ ಕುಂಡವನ್ನು ತುಂಬಬೇಕು ಎಂಬುದು ವಿಧಿ. ಮೊಳಕ್ಕೆ 24 ಬೆರಳು. ಭಾಗಿಸಿ ನೋಡಿದರೆ ರೆವಿಯೀತಿಗೆ 10.8 ಘನ ಬೆರಳೇ ಬರುತ್ತದೆ. ಲೆಕ್ಕ ಚೊಕ್ಕವಾಗಿದೆ.

ಹೀಗೆ ಮೊಟ್ಟೆಯ ದಾರಿಯೊಂದು, ಬೆರಳಿನ ದಾರಿಯೊಂದು. ಎರಡೂ ಒಂದೇ ಊರಿಗೆ ಮುಟ್ಟಬೇಕು. ಮುಟ್ಟುತ್ತವೆಯೇ ಎಂದು ಹದಿನೆಂಟನೆಯ ಶತಮಾನದಲ್ಲಿ ಪ್ರಾಗ್ ನಗರದ ಪ್ರಧಾನ ರಬ್ಬಿ ಯೆಹೆಜ್ಕೇಲ್ ಲಾಂಡೌ ಪರೀಕ್ಷಿಸಿ ನೋಡಿದರು. 1793ರಲ್ಲಿ ತೀರಿಕೊಂಡ ಲಾಂಡೌ ತಮ್ಮ ಕಾಲದ ಮಹಾಪಂಡಿತರಲ್ಲೊಬ್ಬರು. ಹೆಬ್ಬೆರಳಿನಿಂದ ಅಳೆದಾಗ ಬಂದ ಗಾತ್ರವು ಮೊಟ್ಟೆಯಿಂದ ಅಳೆದಾಗ ಬಂದುದರ ಹೆಚ್ಚುಕಡಮೆ ಎರಡರಷ್ಟಾಯಿತು! ಶಾಸ್ತ್ರ ಸುಳ್ಳಾಗಲಾರದು, ಲೆಕ್ಕವೂ ಸುಳ್ಳಲ್ಲ. ಆದುದರಿಂದ ಲೋಕದಲ್ಲಿಯೇ ಏನೋ ಬದಲಾಗಿರಬೇಕು. ಮನುಷ್ಯನ ಹೆಬ್ಬೆರಳು ಹಿಂದಿನವರಿಗಿಂತ ದೊಡ್ಡದಾಗಿದೆ ಎನ್ನಲು ಅವರ ಮನಸ್ಸು ಒಪ್ಪಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಮನುಷ್ಯ ಕುಗ್ಗುತ್ತಾನೆಯೇ ಹೊರತು ಹಿಗ್ಗುವುದಿಲ್ಲ ಎಂಬುದು ಪರಂಪರೆಯ ನಂಬಿಕೆ. ಹಾಗಾದರೆ ಕುಗ್ಗಿರುವುದು ಮೊಟ್ಟೆಯೇ ಎಂದು ಲಾಂಡೌ ತೀರ್ಮಾನಿಸಿದರು. ಇಂದಿನ ಮೊಟ್ಟೆ ಹಿಂದಿನ ಮೊಟ್ಟೆಯ ಅರ್ಧ. ಆದುದರಿಂದ ಮೊಟ್ಟೆಯಿಂದ ಹೇಳಿದ ಅಳತೆಗಳನ್ನೆಲ್ಲ ಇಮ್ಮಡಿ ಮಾಡಿಕೊಳ್ಳಬೇಕು.

ಮೂರನೆಯ ದಾರಿಯೊಂದು ಇದಕ್ಕೂ ಬಹಳ ಹಿಂದೆಯೇ ತೆರೆದಿತ್ತು. ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ನೆಲಸಿದ್ದ ಮೈಮೊನಿಡೀಸ್ ಧರ್ಮಶಾಸ್ತ್ರಜ್ಞನೂ ಹೌದು, ವೈದ್ಯನೂ ಹೌದು. ವೈದ್ಯನಿಗೆ ಔಷಧ ತೂಗುವ ಅಭ್ಯಾಸ ಸಹಜ. ಅವನು ರೆವಿಯೀತಿನ ಪಾತ್ರೆಯೊಂದನ್ನು ಅತ್ಯಂತ ಎಚ್ಚರದಿಂದ ಮಾಡಿ, ಅದರಲ್ಲಿ ದ್ರಾಕ್ಷಾರಸ ತುಂಬಿದರೆ ಸುಮಾರು 26 ದಿರ್ಹಾಮ್, ನೀರು ತುಂಬಿದರೆ ಸುಮಾರು 27 ದಿರ್ಹಾಮ್ ತೂಗುತ್ತದೆಂದು ಬರೆದಿಟ್ಟನು. ಇದರ ಬೆಲೆ ಎಷ್ಟೆಂಬುದು ಗ್ರಾಮು ಲೀಟರುಗಳನ್ನು ಬಲ್ಲವರಿಗೆ ಗೊತ್ತು. ಒಂದು ಗ್ರಾಮ್ ನೀರಿಗೆ ಒಂದು ಮಿಲಿಲೀಟರು. ದಿರ್ಹಾಮಿನ ತೂಕ ತಿಳಿದರೆ ಮೊಟ್ಟೆಯೂ ಬೇಡ, ಹೆಬ್ಬೆರಳೂ ಬೇಡ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಮೂರು ದಾರಿಗಳ ವಿವಾದ ಪಾಲೆಸ್ತೀನಿನಲ್ಲಿಯೂ ಅನಂತರ ಇಸ್ರೇಲಿನಲ್ಲಿಯೂ ಮನೆಮನೆಯ ಪ್ರಶ್ನೆಯಾಯಿತು. ಜೆರುಸಲೇಮಿನ ರಬ್ಬಿ ಅವ್ರಾಹಾಮ್ ಹಾಯಿಮ್ ನಾಯೆ ಎಂಬುವರು ಮೈಮೊನಿಡೀಸನ 27 ದಿರ್ಹಾಮನ್ನು ಹಿಡಿದರು. ತುರ್ಕರ ಆಳಿಕೆಯ ಕಾಲದಿಂದ ಆ ದೇಶದಲ್ಲಿ ಬಳಕೆಯಲ್ಲಿದ್ದ ದಿರ್ಹಾಮ್ 3.2 ಗ್ರಾಮ್ ತೂಕದ್ದು. ಗುಣಿಸಿದರೆ ರೆವಿಯೀತಿಗೆ 86.4 ಮಿಲಿಲೀಟರು. ಬೆನೆಬ್ರಾಕ್ ಎಂಬ ಊರಿನಲ್ಲಿದ್ದ, ‘ಹಜೋನ್ ಈಶ್’ ಎಂಬ ಗ್ರಂಥನಾಮದಿಂದಲೇ ಪ್ರಸಿದ್ಧರಾದ ರಬ್ಬಿ ಅವ್ರಾಹಾಮ್ ಯೆಷಾಯ ಕಾರೆಲಿಟ್ಸ್ ಲಾಂಡೌ ಅವರ ಪಕ್ಷವನ್ನು ಎತ್ತಿಹಿಡಿದರು. ಅವರ ಲೆಕ್ಕದಲ್ಲಿ ರೆವಿಯೀತ್ ಸುಮಾರು 150 ಮಿಲಿಲೀಟರು. ಕಾರೆಲಿಟ್ಸ್ 1953ರಲ್ಲಿಯೂ ನಾಯೆ 1954ರಲ್ಲಿಯೂ ಕಾಲವಾದರು. ವಿವಾದ ಮಾತ್ರ ಅವರೊಡನೆ ಹೋಗಲಿಲ್ಲ.

ಈ ಇಬ್ಬರ ನಡುವಿನ ಅಂತರವನ್ನು ಬೆರಳಿಗೆ ಇಳಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ನಾಯೆಯವರ ಹೆಬ್ಬೆರಳು 2 ಸೆಂಟಿಮೀಟರ್ ಅಗಲ, ಕಾರೆಲಿಟ್ಸರದು 2.4 ಸೆಂಟಿಮೀಟರ್. ವ್ಯತ್ಯಾಸ ನಾಲ್ಕೇ ಮಿಲಿಮೀಟರು! ಆದರೆ ಗಾತ್ರ ಎಂಬುದು ಉದ್ದ, ಅಗಲ, ಎತ್ತರ ಮೂರರ ಗುಣಲಬ್ಧ. ಉದ್ದದಲ್ಲಿ ಐದರಲ್ಲಿ ಒಂದು ಪಾಲು ಹೆಚ್ಚಿದರೆ, ಅಗಲದಲ್ಲಿಯೂ ಅಷ್ಟು, ಎತ್ತರದಲ್ಲಿಯೂ ಅಷ್ಟು ಹೆಚ್ಚಿ, ಒಟ್ಟಿನಲ್ಲಿ ಗಾತ್ರ ಶೇಕಡಾ 73ರಷ್ಟು ಬೆಳೆಯುತ್ತದೆ. ಹಳೆಯ ಮೊಳ, ಬೆರಳುಗಳನ್ನು ಲೀಟರಿಗೆ ತರುವವರು ಎಡವುವುದು ಇಲ್ಲಿಯೇ. ನೂಲಿನಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಕೊಡದಲ್ಲಿ ಬೊಗಸೆಗಟ್ಟಲೆ ತಪ್ಪುತ್ತದೆ.

ಕೆಲವು ಮಿಲಿಲೀಟರಿಗಾಗಿ ಇಷ್ಟು ಜಗಳವೇಕೆ ಎಂದು ಕೇಳಬಹುದು. ಇದು ಗ್ರಂಥಾಲಯದ ಜಗಳವಲ್ಲ, ಊಟದ ಮೇಜಿನದು. ವಸಂತಕಾಲದಲ್ಲಿ ಬರುವ ಪಸ್ಕಹಬ್ಬದ ರಾತ್ರಿ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದುದರ ನೆನಪಿಗಾಗಿ, ಮನೆಯ ಪ್ರತಿಯೊಬ್ಬ ವಯಸ್ಕರೂ ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯಬೇಕು. ಒಂದೊಂದು ಬಟ್ಟಲೂ ರೆವಿಯೀತಿಗೆ ಕಡಿಮೆಯಿರಬಾರದು. ನಾಲ್ಕು ಕಾಲು ಸೇರಿ ಒಂದು ಲೋಗ್. ಒಂದು ಲೆಕ್ಕದಲ್ಲಿ ನಾಲ್ಕು ಬಟ್ಟಲಿಗೆ 346 ಮಿಲಿಲೀಟರು, ಇನ್ನೊಂದರಲ್ಲಿ 600 ಮಿಲಿಲೀಟರು. ಬಟ್ಟಲಿನ ಹೆಚ್ಚಿನ ಭಾಗವನ್ನು ಕುಡಿದರೆ ಸಾಕೆಂಬ ವಿನಾಯಿತಿಯುಂಟು. ಆದರೂ ವಯಸ್ಸಾದವರಿಗೆ ಈ ಅಂತರ ಸಣ್ಣದಲ್ಲ.

ಅದಕ್ಕಿಂತಲೂ ಮನಸ್ಸನ್ನು ಕಲಕುವ ಮಾತು ಬೇರೆಯಿದೆ. ಎಷ್ಟೋ ಮನೆಗಳಲ್ಲಿ ಅಜ್ಜ ಮುತ್ತಜ್ಜಂದಿರ ಕಾಲದ ಬೆಳ್ಳಿ ಬಟ್ಟಲುಗಳಿವೆ. ಪೂರ್ವ ಯೂರೋಪಿನಿಂದ, ಅರಬ್ ದೇಶಗಳಿಂದ, ಉಟ್ಟ ಬಟ್ಟೆಯಲ್ಲಿ ಹೊರಟು ಬಂದಾಗಲೂ ಬಿಡದೆ ತಂದ ಬಟ್ಟಲುಗಳು. ಆ ಮಾದರಿಯ ಬಟ್ಟಲುಗಳಲ್ಲಿ ಅನೇಕವು 150 ಮಿಲಿಲೀಟರು ಹಿಡಿಯಲಾರವು. ದೊಡ್ಡ ಅಳತೆಯೇ ಸರಿಯೆಂದಾದರೆ, ತಲೆತಲಾಂತರದಿಂದ ಆ ಬಟ್ಟಲುಗಳ ಮೇಲೆ ಹೇಳಿದ ಪ್ರಾರ್ಥನೆಗಳು ವಿಧಿಗೆ ಸಲ್ಲಲಿಲ್ಲವೆ? ಹಿರಿಯರು ತಿಳಿಯದೆ ತಪ್ಪಿ ನಡೆದರೆ? ಚಿಕ್ಕ ಅಳತೆಯವರ ಬಲವಾದ ವಾದ ಇದೇ. ದೊಡ್ಡ ಅಳತೆಯವರಾದರೋ, ದೇವರ ವಿಧಿಯಲ್ಲಿ ಸಂಶಯವಿದ್ದಾಗ ಹೆಚ್ಚಾಗಿ ಮಾಡಿದವನಿಗೆ ನಷ್ಟವಿಲ್ಲ, ಕಡಿಮೆ ಮಾಡಿದವನಿಗೆ ನಷ್ಟವುಂಟು ಎನ್ನುತ್ತಾರೆ. 1933ರಲ್ಲಿ ತೀರಿಕೊಂಡ ಪೋಲೆಂಡಿನ ರಬ್ಬಿ ಇಸ್ರಾಯೇಲ್ ಮೆಯೀರ್ ಕಾಗಾನ್ ತಮ್ಮ ‘ಮಿಷ್ನಾ ಬೆರೂರಾ’ ಗ್ರಂಥದಲ್ಲಿ ನಡುದಾರಿಯೊಂದನ್ನು ತೋರಿಸಿದ್ದರು: ಮೂಲ ಶಾಸ್ತ್ರದ ಆಜ್ಞೆಗಳಲ್ಲಿ ದೊಡ್ಡ ಅಳತೆಗೆ ಮನ್ನಣೆ, ವಿದ್ವಾಂಸರು ಆಮೇಲೆ ವಿಧಿಸಿದ ಆಚರಣೆಗಳಲ್ಲಿ ಚಿಕ್ಕದೂ ಸಾಕು.

ಎರಡು ಪಕ್ಷದವರೂ ನೆನಪಿಗಾಗಿ ಕಂಡುಕೊಂಡ ಸೂತ್ರ ಸ್ವಾರಸ್ಯವಾಗಿದೆ. ಇಬ್ರಿಯ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ನಮ್ಮ ಕಟಪಯಾದಿಯನ್ನು ಬಲ್ಲವರಿಗೆ ಇದರ ರುಚಿ ತಿಳಿದೀತು. ಬಟ್ಟಲಿಗೆ ಆ ಭಾಷೆಯಲ್ಲಿ ‘ಕೋಸ್’ ಎನ್ನುತ್ತಾರೆ. ಅದರ ಅಕ್ಷರಗಳ ಮೊತ್ತ 20, 6, 60 ಸೇರಿ 86. ನಾಯೆಯವರ ಅಳತೆ ಸರಿಹೋಯಿತು. ‘ಕೋಸ್ ಹಾಗೂನ್’ ಎಂದರೆ ಯೋಗ್ಯವಾದ ಬಟ್ಟಲು. ಅದರ ಮೊತ್ತ 150. ಕಾರೆಲಿಟ್ಸರ ಅಳತೆಯೂ ಸರಿಹೋಯಿತು!

ಇರಲಿ. ಪಂಡಿತರು ಪುಟಗಳಲ್ಲಿ ಹುಡುಕುತ್ತಿದ್ದಾಗ ಇನ್ನು ಕೆಲವರು ನೆಲದಲ್ಲಿ ಹುಡುಕುತ್ತಿದ್ದರು. ತೂಕದ ಕಲ್ಲು ಒಡೆಯುವುದಿಲ್ಲ. ಮಣ್ಣಿನ ಕೊಡ ಒಡೆಯದೆ ಉಳಿಯುವುದಿಲ್ಲ. ಅಳತೆಯ ಹೆಸರು ಬರೆದ ಕೊಡವೊಂದು ಇಡಿಯಾಗಿ ಸಿಕ್ಕಿದ್ದರೆ ಸಮಸ್ಯೆ ಅಂದೇ ಮುಗಿಯುತ್ತಿತ್ತು. ಸಿಕ್ಕಿದುವು ಬೋಕಿಗಳು ಮಾತ್ರ. ಯೆಹೂದ ರಾಜ್ಯದ ಕೋಟೆಯ ಊರಾದ ಲಾಕೀಷಿನಲ್ಲಿ ‘ಅರಸನ ಬತ್’ ಎಂದು ಓದಲಾದ ಬರಹದ ತುಂಡು ದೊರೆಯಿತು. ತೆಲ್ ಬೇತ್ ಮಿರ್ಸಿಮ್ ಎಂಬಲ್ಲಿ ‘ಬತ್’ ಎಂದಷ್ಟೇ ಬರೆದ ಇನ್ನೊಂದು. ಈ ಎರಡನೆಯ ಸ್ಥಳವನ್ನು ಅಗೆಸಿದ ಅಮೆರಿಕದ ವಿದ್ವಾಂಸ ಆಲ್‌ಬ್ರೈಟ್, ಒಡೆದ ಕೊಡಗಳ ಆಕಾರವನ್ನು ಊಹಿಸಿ ಜೋಡಿಸಿ, ಬತ್ ಸುಮಾರು 22 ಲೀಟರು ಎಂದು ಅಂದಾಜು ಮಾಡಿದರು. ಲಾಕೀಷಿನಲ್ಲಿ, ಅಸ್ಸೀರಿಯದ ಸೆನ್ನಾಕೆರೀಬನು ಕ್ರಿ. ಪೂ. 701ರಲ್ಲಿ ಸುಟ್ಟುಹಾಕಿದ ಊರಿನ ಪದರದಲ್ಲಿ, ‘ಅರಸನದು’ ಎಂಬ ಮುದ್ರೆಯೊತ್ತಿದ ದೊಡ್ಡ ಗುಡಾಣಗಳೂ ಸಿಕ್ಕಿದುವು. 1973ರಿಂದ ಅಲ್ಲಿ ಅಗೆತ ನಡೆಸಿದ ಡೇವಿಡ್ ಉಸ್ಸಿಷ್ಕಿನ್ ಅವರ ತಂಡ ಚೂರುಗಳನ್ನು ಕೂಡಿಸಿ ಅಳೆದಾಗ, ಒಂದೇ ಬಗೆಯ ಆ ಗುಡಾಣಗಳೂ ಸುಮಾರು 40ರಿಂದ 50 ಲೀಟರಿನವರೆಗೆ ಹೆಚ್ಚುಕಡಮೆಯಾಗಿದ್ದುವು. ಮುದ್ರೆ ಅರಸನದು, ಕೈ ಕುಂಬಾರನದು. ಸರಾಸರಿ 45 ಲೀಟರೆಂದು ಹಿಡಿದು, ಗುಡಾಣಕ್ಕೆ ಎರಡು ಬತ್ ಎಂದುಕೊಂಡರೆ ಆಲ್‌ಬ್ರೈಟರ 22 ಲೀಟರಿಗೆ ಹೊಂದುತ್ತದೆ.

ಇಲ್ಲಿ ಒಂದು ಸೋಜಿಗವುಂಟು. ಮೈಮೊನಿಡೀಸನ ಕಾಲದ ಈಜಿಪ್ಟಿನ ದಿರ್ಹಾಮ್ ತುರ್ಕರದಕ್ಕಿಂತ ಹಗುರವಾಗಿತ್ತು, ಸುಮಾರು 2.8 ಗ್ರಾಮ್ ಇತ್ತು ಎಂದು ಅನಂತರದ ವಿದ್ವಾಂಸರು ತೋರಿಸಿದರು. ಆ ತೂಕವನ್ನು ಹಿಡಿದರೆ ರೆವಿಯೀತ್ 76 ಮಿಲಿಲೀಟರಿನಷ್ಟಾಗುತ್ತದೆ. ಬತ್ 22 ಲೀಟರಿಗೆ ಬಂದು ನಿಲ್ಲುತ್ತದೆ. ಹನ್ನೆರಡನೆಯ ಶತಮಾನದ ವೈದ್ಯನ ತಕ್ಕಡಿಯೂ ಇಪ್ಪತ್ತನೆಯ ಶತಮಾನದ ಗುದ್ದಲಿಯೂ ಒಂದೇ ಉತ್ತರ ಹೇಳಿದಂತಾಯಿತು. ಬೋಕಿಯ ಸಾಕ್ಷ್ಯ ಅಂದಾಜಿನದಾದುದರಿಂದ ಇದನ್ನೇ ಪ್ರಮಾಣವೆನ್ನುವಂತಿಲ್ಲ, ಅಲ್ಲಗಳೆಯುವಂತೆಯೂ ಇಲ್ಲ.

ಆದರೆ ಒಂದನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೀಫಸ್ ಬೇರೆಯದನ್ನೇ ಹೇಳುತ್ತಾನೆ. ಅವನ ಪ್ರಕಾರ ಒಂದು ಬತ್ತಿಗೆ ರೋಮನರ 72 ಸೆಕ್ಸ್‌ಟೇರಿಯಸ್. ರೋಮನರ ಅಳತೆ ನಮಗೆ ಚೆನ್ನಾಗಿ ತಿಳಿದಿದೆ. ಅದು 540 ಮಿಲಿಲೀಟರಿನ ಆಸುಪಾಸಿನದು. ಎಂದರೆ ಬತ್ ಸುಮಾರು 39 ಲೀಟರು, ಗ್ರೀಕರ ಮೆಟ್ರೆಟೀಸಿನಷ್ಟೇ. ಇದು ಜೋಸೀಫಸನ ತಪ್ಪೆನ್ನಬೇಕಾಗಿಲ್ಲ. ಅವನು ಬರೆಯುವ ವೇಳೆಗೆ ಅರಸರ ಕಾಲ ಮುಗಿದು ಆರು ಶತಮಾನಗಳಾಗಿದ್ದುವು. ಮರುಭೂಮಿಯ ಅಳತೆಗಿಂತ ಜೆರುಸಲೇಮಿನದು, ಅದಕ್ಕಿಂತ ಗಲಿಲಾಯದ ಸೆಪ್ಫೋರಿಸ್ ಪಟ್ಟಣದ್ದು ದೊಡ್ಡದೆಂದು ಟಾಲ್ಮಡ್ ಸಹ ಒಪ್ಪುತ್ತದೆ. ಹೆಸರು ಹಾಗೆಯೇ ಉಳಿದು ಪಾತ್ರೆ ಬೆಳೆಯಿತು.

ಈ ಅಳತೆಗಳ ಅತಿ ಹಳೆಯ ಒಗಟು ಸೊಲೊಮೋನನ ದೇವಾಲಯದ ‘ಕಂಚಿನ ಸಮುದ್ರ’. ಹತ್ತು ಮೊಳ ಅಡ್ಡಳತೆ, ಐದು ಮೊಳ ಎತ್ತರದ ಆ ಮಹಾಪಾತ್ರೆ ಎರಡು ಸಾವಿರ ಬತ್ ಹಿಡಿಯುತ್ತಿತ್ತೆಂದು ಅರಸುಗಳ ಗ್ರಂಥದಲ್ಲಿದೆ. ಮೂರು ಸಾವಿರವೆಂದು ಪೂರ್ವಕಾಲವೃತ್ತಾಂತದಲ್ಲಿದೆ. ಕೆಳಗಿನ ಮೂರು ಮೊಳ ಚೌಕ, ಮೇಲಿನ ಎರಡು ಮೊಳ ದುಂಡು ಎಂದು ಟಾಲ್ಮಡ್ ಸರಿದೂಗಿಸುತ್ತದೆ. ಮೂರು ಸಾವಿರವೆಂಬುದು ಧಾನ್ಯವನ್ನು ರಾಶಿಯಾಗಿ ತುಂಬಿದಾಗಿನ ಲೆಕ್ಕವಂತೆ. ಪಾತ್ರೆಯನ್ನು ನೇರಗೋಡೆಯ ದುಂಡು ತೊಟ್ಟಿಯೆಂದು ಭಾವಿಸಿ, 45 ಸೆಂಟಿಮೀಟರಿನ ಮೊಳ ಹಿಡಿದು, ಎರಡು ಸಾವಿರದಿಂದ ಭಾಗಿಸಿದರೆ ಬತ್ತಿಗೆ 18 ಲೀಟರು ಬರುತ್ತದೆ. 52 ಸೆಂಟಿಮೀಟರಿನ ಮೊಳ ಹಿಡಿದರೆ 27 ಲೀಟರು ದಾಟುತ್ತದೆ. ಮತ್ತೆ ಅದೇ ಕೂದಲೆಳೆ, ಅದೇ ಬೊಗಸೆ. ಪಾತ್ರೆಯನ್ನೇ ಅಳೆಯೋಣವೆಂದರೆ ಬ್ಯಾಬಿಲೋನಿನ ಸೈನಿಕರು ಅದನ್ನು ಒಡೆದು ಕಂಚನ್ನು ಹೊತ್ತುಕೊಂಡು ಹೋದರು.

ಹಾಗಾದರೆ ಇಂದು ಬೈಬಲು ಓದುವವರು ಯಾವ ಲೆಕ್ಕ ಹಿಡಿಯಬೇಕು? ಓದುತ್ತಿರುವುದು ಯಾವ ಕಾಲದ ಮಾತೆಂಬುದನ್ನು ಮೊದಲು ನೋಡಬೇಕು. ಅರಸರ ಕಾಲದ, ಪ್ರವಾದಿಗಳ ಕಾಲದ ಗ್ರಂಥವಾದರೆ ಬತ್ 22 ಲೀಟರು, ಹಿನ್ ಮೂರೂವರೆ ಲೀಟರಿಗೆ ತುಸು ಮೇಲೆ, ಲೋಗ್ 300 ಮಿಲಿಲೀಟರು. ಹತ್ತು ನೇಗಿಲು ಉಳುವಷ್ಟು ದ್ರಾಕ್ಷಿತೋಟದಿಂದ ಒಂದೇ ಬತ್ ರಸ ಬಂದೀತೆಂದು ಯೆಶಾಯನು ಶಪಿಸಿದಾಗ, ಅವನ ಕಣ್ಣಮುಂದಿದ್ದುದು ಸುಮಾರು ಒಂದು ದೊಡ್ಡ ಕೊಡದ ಗಾತ್ರ. ರೋಮನರ ಕಾಲದ ಮಾತಾದರೆ 39 ಲೀಟರು. ಕಾನಾ ಊರಿನ ಮದುವೆಯ ಮನೆಯಲ್ಲಿದ್ದ ಆರು ಕಲ್ಲಿನ ಬಾನಿಗಳು ಒಂದೊಂದೂ ಎರಡು ಮೂರು ಮೆಟ್ರೆಟೀಸ್ ಹಿಡಿಯುತ್ತಿದ್ದುವೆಂದು ಯೋಹಾನನ ಸುವಾರ್ತೆಯ ಗ್ರೀಕ್ ಮೂಲದಲ್ಲಿದೆ. ಎಂದರೆ ಎಲ್ಲ ಸೇರಿ 470ರಿಂದ 700 ಲೀಟರು. ಇಂದಿನ ಆಚರಣೆಯ ಮಾತಾದರೆ ಅವರವರ ಗುರುಗಳ ತೀರ್ಪು. ಬತ್ 25 ಲೀಟರೂ ಆದೀತು, 43 ಲೀಟರೂ ಆದೀತು. ಎಲ್ಲಕ್ಕಿಂತ ಮುಖ್ಯವಾಗಿ, ಇಂತಹ ಲೆಕ್ಕಗಳಲ್ಲಿ ದಶಾಂಶಗಳನ್ನು ನಂಬಬಾರದು. ಬತ್ತಿಗೆ 21.77 ಲೀಟರು ಎಂದು ಬರೆದರೆ ಅದು ಗುಣಾಕಾರದ ನಿಖರತೆಯೇ ಹೊರತು ಕೊಡದ ನಿಖರತೆಯಲ್ಲ.

ಹಳಬರ ಮೊಟ್ಟೆ ಬೆರಳುಗಳನ್ನು ಕಂಡು ನಗುವುದಕ್ಕೂ ಕಾರಣವಿಲ್ಲ. ಫ್ರಾನ್ಸಿನಲ್ಲಿ 1795ರಲ್ಲಿ ಲೀಟರನ್ನು ಸಾವಿರ ಘನ ಸೆಂಟಿಮೀಟರೆಂದು ಕಟ್ಟಳೆ ಮಾಡಿದರು. 1901ರಲ್ಲಿ ಅದನ್ನು ಒಂದು ಕಿಲೋಗ್ರಾಮ್ ಶುದ್ಧ ನೀರಿನ ಗಾತ್ರವೆಂದು ಬದಲಾಯಿಸಿದರು. ಎರಡೂ ಒಂದೇ ಆಗಬೇಕಾಗಿತ್ತು, ಆಗಲಿಲ್ಲ. ಹತ್ತು ಲಕ್ಷದಲ್ಲಿ 28 ಪಾಲು ವ್ಯತ್ಯಾಸ ಬಂತು. ಲೀಟರಿಗೆ ಅರ್ಧ ಹನಿಯಷ್ಟು ಎನ್ನಬಹುದು. ಆ ಅರ್ಧ ಹನಿಯ ತೊಡಕನ್ನು ಬಿಡಿಸಿ, 1964ರಲ್ಲಿ ಲೀಟರನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತಂದರು. ಬೆರಳಿನಿಂದ ಅಳೆದದ್ದೂ ಮೊಟ್ಟೆಯಿಂದ ಅಳೆದದ್ದೂ ಹೊಂದದಿದ್ದಾಗ ಪ್ರಾಗಿನ ರಬ್ಬಿಗೆ ಬಂದ ಕಷ್ಟವೇ ಪ್ಯಾರಿಸಿನ ವಿಜ್ಞಾನಿಗಳಿಗೂ ಬಂದಿತ್ತು. ಪ್ರಮಾಣ ಮಾತ್ರ ಬೇರೆ.

ಪಸ್ಕಹಬ್ಬದ ರಾತ್ರಿ ಈಗಲೂ ಕೆಲವು ಮನೆಗಳ ಮೇಜಿನ ಮೇಲೆ ಹೊಸದಾಗಿ ಕೊಂಡ ದೊಡ್ಡ ಬಟ್ಟಲಿರುತ್ತದೆ. ಕೆಲವು ಮನೆಗಳಲ್ಲಿ ಅಜ್ಜನ ಚಿಕ್ಕ ಬಟ್ಟಲು. ಎರಡನ್ನೂ ಅಂಚಿನವರೆಗೆ ತುಂಬುತ್ತಾರೆ.